ರಿಂಗ್ ಬದಲಿಸಿದ ಇಂಜಿನ್: ಮೊದಲ 50 ಗಂಟೆ

ಕರೆಂಟನ್ನೇ ನಂಬಿ ತೋಟ ಮಾಡುವ ಧೈರ್ಯ ನನಗಿಲ್ಲ. ನೀರಿನಿಂದ ತಂಪಾಗುವ 5 ಎಚ್‌ಪಿ ಡೀಸೆಲ್ ಇಂಜಿನ್ ಇಂದಿಗೂ ಇದೆ. ಎರಡು ಸಲ ಲೈನರ್, ಪಿಸ್ಟನ್, ರಿಂಗ್ ಬದಲಿಸಿದ್ದಾಗಿದೆ. ಜೋಡಿಸುವುದು ಮೆಕ್ಯಾನಿಕ್‌ನ ಕೆಲಸ. ಆದರೆ ಹಾಕಿದ ದುಡ್ಡು ಬಾಳುವುದು ಆತ ಹೋದಮೇಲೆ ನಾವು ಓಡಿಸುವ ಕ್ರಮದಿಂದ.

ಹೊಸ ರಿಂಗಿನ ಇಂಜಿನ್ನನ್ನು ದಿನವಿಡೀ ಖಾಲಿ ಓಡಿಸಿ 'ಪಳಗಿಸಬೇಕು' ಎನ್ನುವವರು ಬಹಳ. ಇದು ತಪ್ಪು. ಲೈನರಿನ ಒಳಮೈಯಲ್ಲಿ ಹೋನಿಂಗ್ ಮಾಡಿದ ಸಣ್ಣ ಗೀರುಗಳಿರುತ್ತವೆ. ಉರಿದ ಗ್ಯಾಸು ರಿಂಗಿನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತಿದಾಗ ಗೀರಿನ ಏಣುಗಳು ಸವೆದು ಎರಡೂ ಹೊಂದಿಕೊಳ್ಳುತ್ತವೆ. ಲೋಡ್ ಇಲ್ಲದಿದ್ದರೆ ಆ ಒತ್ತಡ ಸಾಲದು. ಆಯಿಲ್ ಸುಟ್ಟು ಗೋಡೆಗೆ ಗಾಜಿನಂಥ ನುಣುಪು ಪೊರೆ ಕಟ್ಟುತ್ತದೆ. ನಮ್ಮ ನೆರೆಯವರು ಬೆಲ್ಟ್ ಕಳಚಿ, ಡ್ರಮ್ಮಿನ ನೀರು ಕೊಟ್ಟು ಎರಡು ದಿನ ಓಡಿಸಿದರು. ಆಮೇಲೆ ನೀಲಿ ಹೊಗೆ ನಿಲ್ಲಲೇ ಇಲ್ಲ. ಮತ್ತೆ ಬಿಚ್ಚಿ, ಹೋನಿಂಗ್ ಮಾಡಿಸಿ, ಇನ್ನೊಂದು ಸೆಟ್ ರಿಂಗ್ ಹಾಕಿಸಬೇಕಾಯ್ತು.

ನನ್ನ ಕ್ರಮ ಹೀಗೆ. ಕಂಪೆನಿಯ ಪುಸ್ತಕ ಹೇಳಿದ ಸಾದಾ ಮಿನರಲ್ ಆಯಿಲ್ ಗುರುತಿನವರೆಗೆ ಹಾಕುತ್ತೇನೆ. ದುಬಾರಿ ಸಿಂಥೆಟಿಕ್ ಈಗ ಬೇಡ. ಡೀಸೆಲ್ ಪೈಪಿನ ಗಾಳಿ ತೆಗೆದು, ಡೀಸೆಲ್ ಬಂದ್ ಮಾಡಿ, ಡೀಕಂಪ್ರೆಷನ್ ಲಿವರ್ ಎತ್ತಿಟ್ಟು ಹ್ಯಾಂಡಲನ್ನು ಒಂದಷ್ಟು ಹೊತ್ತು ತಿರುಗಿಸುತ್ತೇನೆ. ಒಣ ಬೇರಿಂಗಿಗೆ ಆಯಿಲ್ ಮುಟ್ಟಲಿ ಅಂತ. ತೋಳು ಸೋಲುತ್ತದೆ, ಸೋಲಲಿ!

ಚಾಲೂ ಆದಮೇಲೆ ಹತ್ತು ನಿಮಿಷ ಸೋರಿಕೆ, ಸದ್ದು ನೋಡಿ ಲೋಡ್ ಕೊಡುತ್ತೇನೆ. ಸೆಂಟ್ರಿಫ್ಯೂಗಲ್ ಪಂಪಿನ ಗೇಟ್‌ವಾಲ್ವ್ ತಿರುಗಿಸಿದರೆ ಸೈ. ಮುಚ್ಚಿದಷ್ಟೂ ಇಂಜಿನ್ನಿಗೆ ಭಾರ ಎಂದುಕೊಂಡವರಿದ್ದಾರೆ. ನಿಜ ತದ್ವಿರುದ್ಧ, ನೀರು ಹೆಚ್ಚು ಬಿಟ್ಟಷ್ಟೂ ಭಾರ. ಮೊದಲ ದಿನ ಅರ್ಧ, ನಂತರ ಮುಕ್ಕಾಲು, ನಡುನಡುವೆ ಹೆಚ್ಚುಕಡಿಮೆ ಮಾಡುತ್ತಿರಬೇಕು. ಪೂರ್ತಿ ಮುಚ್ಚಿ ಬಿಟ್ಟು ಹೋಗಬೇಡಿ, ಪಂಪಿನೊಳಗಿನ ನೀರು ಕಾದುಬಿಡುತ್ತದೆ. ಕಪ್ಪು ಹೊಗೆ ಬಂದರೆ ಲೋಡ್ ಜಾಸ್ತಿಯಾಯಿತೆಂದು ಲೆಕ್ಕ.

ಇಂಜಿನ್ ತಂಪಿಸಿದ ನೀರು ತಣ್ಣಗೇ ಹೊರಬರುತ್ತಿದ್ದರೆ ಹರಿವು ಕಡಿಮೆ ಮಾಡಿ. ಕೈ ಹಿಡಿಯಲಾಗದಷ್ಟು ಬಿಸಿಯಿರಲಿ, ಕುದಿಯಬಾರದು.

ಮೊದಲ ಓಟ ಮುಗಿದು ತಣಿದಮೇಲೆ ಹೆಡ್ ಬೋಲ್ಟಿನ ಬಿಗಿ, ಟ್ಯಾಪೆಟ್ ಸಂದು ಮೆಕ್ಯಾನಿಕ್‌ನಿಂದಲೇ ನೋಡಿಸಿ. 25 ಗಂಟೆಗೆ ಆಯಿಲ್ ಬದಲಿಸುತ್ತೇನೆ. ಇಳಿಸಿದ ಆಯಿಲ್ ಬಿಸಿಲಿಗೆ ಹಿಡಿದರೆ ಕಬ್ಬಿಣದ ಪುಡಿ ಮಿನುಗುತ್ತದೆ. ಅದು ಬೇರಿಂಗ್ ಸುತ್ತುತ್ತಿರುವುದು ಯಾರಿಗೆ ಬೇಕು? 50 ಗಂಟೆ ದಾಟಿಯೂ ನೀಲಿ ಹೊಗೆ ಬರುತ್ತಿದ್ದರೆ, ಆಯಿಲ್ ಇಳಿಯುತ್ತಲೇ ಇದ್ದರೆ, ಬೇಸಿಗೆಗೆ ಮುಂಚೆಯೇ ಬಿಚ್ಚಿಸಿ ನೋಡಿಸಿ.