ಹೆಚ್ಚು ಅಂಕ ಹಾಕುವವನಿಗೇ ಚೆಂಡು ಕೊಟ್ಟರೆ ಸಾಲದೇ?



ಮಳೆ ಸ್ವಲ್ಪ ಬಿಡುವು ಕೊಟ್ಟು ತಾಲೂಕು ಮಟ್ಟದ ಪಂದ್ಯಗಳು ಹತ್ತಿರವಾದಾಗ ಪ್ರತಿ ವರ್ಷವೂ ನನ್ನ ಮುಂದೆ ಬರುವ ಪ್ರಶ್ನೆ ಇದು: "ಸರ್, ನಮ್ಮ ಬಾಸ್ಕೆಟ್‌ಬಾಲ್ ತಂಡದಲ್ಲಿ ಚೆನ್ನಾಗಿ ಅಂಕ ಹಾಕುವವನು ಒಬ್ಬ ಇದ್ದಾನಲ್ಲ, ಚೆಂಡನ್ನು ಅವನಿಗೇ ಕೊಡುತ್ತಾ ಹೋದರೆ ಸಾಲದೇ?" ಕೇಳುವವರು ಆಟಗಾರರು ಮಾತ್ರವಲ್ಲ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಸಹೋದ್ಯೋಗಿಗಳೂ ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಅಭ್ಯಾಸದ ಗಡಿಬಿಡಿಯಲ್ಲಿ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಬಡ್ಡಿಯಿಂದ ಒಂದು ಪಾಠ

ಮೊದಲು ಕಬಡ್ಡಿಯ ಉದಾಹರಣೆ ನೋಡೋಣ. ಕಾಪು, ಕಾರ್ಕಳ, ಉಡುಪಿ ಎಲ್ಲಿಂದ ಬಂದವರಾದರೂ ಕಬಡ್ಡಿ ನೋಡದವರು ನಮ್ಮಲ್ಲಿ ಕಡಿಮೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಆ 38ರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಅಂದು ಗೆಲ್ಲಿಸಿದ್ದು ತಾರಾ ಆಟಗಾರನೇ, ಅದನ್ನು ಒಪ್ಪಿಕೊಳ್ಳಬೇಕು.

ಅದೇ ವರ್ಷ ಏಳನೇ ಆವೃತ್ತಿಯಲ್ಲಿ ಪವನ್ ಇನ್ನೂ ಚೆನ್ನಾಗಿ ಆಡಿದರು. ಹರಿಯಾಣದ ವಿರುದ್ಧ ಒಂದೇ ಪಂದ್ಯದಲ್ಲಿ 39 ರೈಡ್ ಅಂಕ ತಂದರು. ಇಡೀ ಆವೃತ್ತಿಯಲ್ಲಿ 346 ರೈಡ್ ಅಂಕ ಗಳಿಸಿ ಎಲ್ಲರಿಗಿಂತ ಮುಂದಿದ್ದರು. ಆದರೆ ಬುಲ್ಸ್ ಸೆಮಿಫೈನಲ್‌ನಲ್ಲಿ ದಬಾಂಗ್ ದೆಹಲಿಗೆ 38-44ರಿಂದ ಸೋತಿತು. ಪ್ರಶಸ್ತಿ ಹೋಗಿದ್ದು ಬೆಂಗಾಲ್ ವಾರಿಯರ್ಸ್‌ಗೆ. ಅವರ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯಗೊಂಡು ಫೈನಲ್‌ನಲ್ಲಿ ಆಡಲೇ ಇಲ್ಲ! ಇರಾನಿನ ಮೊಹಮ್ಮದ್ ನಬಿಬಕ್ಷ್, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ ಮೊದಲಾದವರು ಭಾರ ಹಂಚಿಕೊಂಡು 39-34ರಿಂದ ಗೆಲ್ಲಿಸಿದರು.

ಎರಡೂ ವರ್ಷಗಳನ್ನು ಜೊತೆಗಿಟ್ಟು ನೋಡಿ. ತಾರಾ ಆಟಗಾರ ತಂಡವನ್ನು ಗೆಲ್ಲಿಸಬಲ್ಲ. ಆದರೆ ಅವನು ಎಷ್ಟು ಅಂಕ ಹಾಕಿದ ಎಂಬುದರಿಂದ ತಂಡ ಎಷ್ಟು ಗಟ್ಟಿ ಎಂದು ಹೇಳಲಾಗದು. ಅವನಿಲ್ಲದ ದಿನ ಉಳಿದವರು ಏನು ಮಾಡುತ್ತಾರೆ ಎಂಬುದೇ ತಂಡದ ನಿಜವಾದ ಅಳತೆ.

ಬಾಸ್ಕೆಟ್‌ಬಾಲ್‌ನ ಲೆಕ್ಕ

ಬಾಸ್ಕೆಟ್‌ಬಾಲ್‌ನಲ್ಲಿ ಇದು ಇನ್ನೂ ಸ್ಪಷ್ಟ. ಅಂಕಣದಲ್ಲಿ ಐವರಿಗೆ ಐವರು. ಚೆಂಡು ಸದಾ ಒಬ್ಬನ ಕೈಯಲ್ಲೇ ಇದ್ದರೆ ಉಳಿದ ನಾಲ್ವರು ನಿಂತು ನೋಡುತ್ತಾರೆ. ನಿಂತವನನ್ನು ಕಾಯುವುದು ಸುಲಭ. ಎದುರಾಳಿ ಅವನನ್ನು ಬಿಟ್ಟು ನಿಮ್ಮ ತಾರೆಯ ಮೇಲೆ ಇನ್ನೊಬ್ಬನನ್ನು ಕಳುಹಿಸುತ್ತಾನೆ.

ಇಲ್ಲೇ ಅವಕಾಶವೂ ಇದೆ. ಇಬ್ಬರು ಸೇರಿ ಒಬ್ಬನನ್ನು ಕಟ್ಟಿಹಾಕಿದರೆ ನಮ್ಮ ಉಳಿದ ನಾಲ್ವರನ್ನು ಕಾಯಲು ಅವರಲ್ಲಿ ಮೂವರೇ ಉಳಿಯುತ್ತಾರೆ. ಅಂದರೆ ನಮ್ಮವನೊಬ್ಬ ಖಾಲಿ ಇದ್ದಾನೆ. ಎಷ್ಟೇ ವೇಗದ ಆಟಗಾರನಿಗಿಂತಲೂ ಪಾಸ್ ಮಾಡಿದ ಚೆಂಡು ವೇಗವಾಗಿ ಹೋಗುತ್ತದೆ. ಒಂದೆರಡು ಪಾಸ್‌ಗಳಲ್ಲಿ ಚೆಂಡು ಆ ಖಾಲಿ ಆಟಗಾರನನ್ನು ತಲುಪಿದರೆ ಸುಲಭದ ಶಾಟ್. ಆದರೆ ಅವನು ಶಾಟ್ ಹೊಡೆಯಲು ಹೆದರುವವನಾದರೆ ಎಲ್ಲ ಪಾಸ್‌ಗಳೂ ವ್ಯರ್ಥ. ಐದನೆಯವನಿಗೂ ಕಲಿಸಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ಇನ್ನೊಂದು ಲೆಕ್ಕವಿದೆ. ನಾವು ಆಡುವ ಅಂತರರಾಷ್ಟ್ರೀಯ ನಿಯಮದಂತೆ ಪಂದ್ಯಕ್ಕೆ 10 ನಿಮಿಷಗಳ 4 ಕ್ವಾರ್ಟರ್. ಒಬ್ಬ ಆಟಗಾರ 5 ಫೌಲ್ ಮಾಡಿದರೆ ಆ ಪಂದ್ಯದಿಂದಲೇ ಹೊರಗೆ. ಪ್ರತಿ ದಾಳಿಯನ್ನೂ ತಾನೇ ಮಾಡಿ, ದಣಿದು, ರಕ್ಷಣೆಯಲ್ಲಿ ತಡವಾಗಿ ಕೈ ಚಾಚುವವನಿಗೆ ಆ 5 ಫೌಲ್ ಬೇಗ ಬರುತ್ತವೆ. ಭಾರ ಹಂಚಿಕೊಂಡರೆ ಕೊನೆಯ ಕ್ವಾರ್ಟರ್‌ಗೆ ಅವನ ಕಾಲಲ್ಲಿ ಬಲ ಉಳಿದಿರುತ್ತದೆ.

ಅಮೆರಿಕದ ಕಾಲೇಜುಗಳಲ್ಲಿ

ಕಾಲೇಜು ಬಾಸ್ಕೆಟ್‌ಬಾಲ್‌ಗೆ ಅತ್ಯಂತ ದೊಡ್ಡ ವೇದಿಕೆ ಇರುವುದು ಅಮೆರಿಕದಲ್ಲಿ. ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಪೀಟ್ ಮರಾವಿಚ್ 1967ರಿಂದ 1970ರವರೆಗೆ ಮೂರು ಋತುಗಳಲ್ಲಿ ಪಂದ್ಯಕ್ಕೆ ಸರಾಸರಿ 44.2 ಅಂಕ ಹಾಕಿದರು. ಒಟ್ಟು 3,667 ಅಂಕ. ಅವರ ತಂದೆಯೇ ಕೋಚ್. ಆದರೂ ಆ ಮೂರು ವರ್ಷಗಳಲ್ಲಿ ಒಮ್ಮೆಯೂ ಅವರ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್ ಟೂರ್ನಿಗೆ ಅರ್ಹತೆ ಪಡೆಯಲಿಲ್ಲ.

ಅದೇ ಮೂರು ವರ್ಷ ಪ್ರಶಸ್ತಿ ಗೆದ್ದದ್ದು ಜಾನ್ ವುಡನ್ ಕೋಚ್ ಆಗಿದ್ದ ಯುಸಿಎಲ್‌ಎ ತಂಡ. 1968 ಮತ್ತು 1969ರಲ್ಲಿ ಅಲ್ಲಿಯೂ ಒಬ್ಬ ಮಹಾ ತಾರೆ ಇದ್ದರು: ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಜಗತ್ತಿಗೆ ಪರಿಚಿತರಾದ ಆಟಗಾರ. ಅವರು ಪದವಿ ಮುಗಿಸಿ ಹೋದ ಮೇಲೆ ತಂಡ ಕುಸಿಯಿತೇ? ಇಲ್ಲ. 1970ರಲ್ಲೂ ಗೆದ್ದಿತು. ಆ ವರ್ಷ ಆರಂಭದ ಐವರೂ ತಲಾ ಸರಾಸರಿ 10ಕ್ಕಿಂತ ಹೆಚ್ಚು ಅಂಕ ಗಳಿಸಿದ್ದರು.

ಮೈಕಲ್ ಜೋರ್ಡನ್ ಹೆಸರು ಕೇಳದವರಿಲ್ಲ. ಕಾಲೇಜಿನಲ್ಲಿ ಅವರ ಸರಾಸರಿ 17.7 ಅಂಕ ಮಾತ್ರ. ಅವರ ಕೋಚ್ ಡೀನ್ ಸ್ಮಿತ್ ತಂಡಕ್ಕೆ ಒಂದು ಪದ್ಧತಿ ಕಲಿಸಿದ್ದರು: ಅಂಕ ಹಾಕಿದವನು ಪಾಸ್ ಕೊಟ್ಟವನತ್ತ ಬೆರಳು ತೋರಿಸಬೇಕು. ಹಾಗೆ ಕಲಿತ ಜೋರ್ಡನ್ 1982ರ ಫೈನಲ್‌ನಲ್ಲಿ ಗೆಲುವಿನ ಶಾಟ್ ಹೊಡೆದರು. ತಂಡದ ಆಟ ಅವರನ್ನು ಚಿಕ್ಕವರನ್ನಾಗಿ ಮಾಡಲಿಲ್ಲ.

ಪಿಯುಸಿಗೆ ಎರಡೇ ವರ್ಷ

ಅಮೆರಿಕದವರಿಗೆ ಪದವಿಯ ನಾಲ್ಕು ವರ್ಷವಾದರೂ ಸಿಗುತ್ತದೆ. ನಮಗೆ ಎರಡೇ. ಅದರಲ್ಲೂ ದ್ವಿತೀಯ ಪಿಯುಸಿಯವರಿಗೆ ನೀಟ್, ಸಿಇಟಿ ತಯಾರಿ ಶುರುವಾದರೆ ಅಭ್ಯಾಸಕ್ಕೆ ಬರುವುದೇ ಕಷ್ಟ. ಒಬ್ಬನನ್ನೇ ನಂಬಿ ಕಟ್ಟಿದ ತಂಡ ಅವನ ಮಾರ್ಕ್ಸ್ ಕಾರ್ಡ್ ಜೊತೆಗೇ ಗೇಟು ದಾಟಿ ಹೋಗುತ್ತದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಚೆಂಡೇ ಸಿಗದ ಹುಡುಗ ಒಂದು ವಾರ ಬರುತ್ತಾನೆ, ಎರಡು ವಾರ ಬರುತ್ತಾನೆ. ಆಮೇಲೆ "ಸರ್, ಕಾರ್ಕಳದ ಬಸ್ ತಪ್ಪುತ್ತದೆ" ಎನ್ನುತ್ತಾನೆ. ಬಸ್ಸು ಮೊದಲೂ ಅದೇ ಸಮಯಕ್ಕೇ ಇತ್ತು. ಅವನು ಹೇಳದೇ ಬಿಟ್ಟದ್ದು, ಅಲ್ಲಿ ತನ್ನ ಅಗತ್ಯವಿಲ್ಲ ಎಂದು ಅವನಿಗೆ ಅನ್ನಿಸಿದೆ ಎಂಬುದು. ಪಂದ್ಯ ಸೋತರೆ ಮುಂದಿನ ವರ್ಷ ಗೆಲ್ಲಬಹುದು. ಹದಿನಾರು ವರ್ಷಕ್ಕೇ ಆಟ ಬಿಟ್ಟವನು ಮತ್ತೆ ಅಂಕಣಕ್ಕೆ ಬರುವುದು ತೀರಾ ಅಪರೂಪ. ಬಾಲಕಿಯರ ತಂಡದಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಅವರಿಗೆ ಆಡಲು ಸಿಗುವ ಸಮಯವೇ ಕಡಿಮೆ.

ಕಾಪುವಿನ ಕಡಲ ತೀರದಲ್ಲಿ ಕೈರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಲ್ಲ? ಹಗ್ಗ ಹಿಡಿದವರಲ್ಲಿ ಬಲವಾದವರೂ ಇರುತ್ತಾರೆ, ಸಾಧಾರಣದವರೂ ಇರುತ್ತಾರೆ. ಒಬ್ಬನೇ ಎಷ್ಟು ಬಲಶಾಲಿಯಾದರೂ ಬಲೆ ದಡಕ್ಕೆ ಬಾರದು.

ಈ ಬಾರಿ ನಾವು ಮಾಡುವುದು

1. ಅಭ್ಯಾಸದ ಮೊದಲ 10 ನಿಮಿಷ ಡ್ರಿಬ್ಲಿಂಗ್ ಇಲ್ಲದ ಆಟ. ಚೆಂಡು ಪಾಸ್‌ನಿಂದಲೇ ಮುಂದೆ ಹೋಗಬೇಕು. ಆಗ ಪ್ರತಿಯೊಬ್ಬನೂ ಓಡಿ ಜಾಗ ಮಾಡಿಕೊಳ್ಳಲೇಬೇಕು.

2. ಪಾಸ್ ಕೊಟ್ಟು ನಿಲ್ಲುವಂತಿಲ್ಲ. ಬುಟ್ಟಿಯ ಕಡೆಗೆ ಓಡಬೇಕು, ಇಲ್ಲವೇ ಗೆಳೆಯನ ಎದುರಾಳಿಗೆ ಸ್ಕ್ರೀನ್ ಹಾಕಬೇಕು.

3. ನಮ್ಮ ಸ್ಕೋರ್ ಪುಸ್ತಕದಲ್ಲಿ ಅಂಕದ ಪಕ್ಕದಲ್ಲೇ ಅಂಕಕ್ಕೆ ದಾರಿಯಾದ ಪಾಸ್‌ಗಳಿಗೂ ಒಂದು ಕಾಲಂ ಇರುತ್ತದೆ. ಬರೆಯುವ ಕೆಲಸ ಬೆಂಚಿನಲ್ಲಿ ಕೂತವರದು.

4. ಪಂದ್ಯದ ಕೊನೆಯ ಎರಡು ನಿಮಿಷ ಬಿಗಿಯಾಗಿದ್ದರೆ ಚೆಂಡು ನಮ್ಮ ಅತ್ಯುತ್ತಮ ಆಟಗಾರನಿಗೇ. ಅಲ್ಲಿಯವರೆಗೆ ಉಳಿದ ನಾಲ್ವರೂ ಅಪಾಯಕಾರಿ ಎಂದು ಎದುರಾಳಿಗೆ ಮನವರಿಕೆಯಾಗಿದ್ದರೆ ಆಗ ಅವನ ಮುಂದೆ ನಿಲ್ಲುವವನು ಒಬ್ಬನೇ.

ತಂಡದಲ್ಲಿ ಸ್ಥಾನ ಸಿಗದೆಂದು ದೂರ ನಿಂತವರು ಸಂಜೆ ಅಂಕಣಕ್ಕೆ ಬನ್ನಿ. ಬಸ್ಸಿನ ಸಮಯ ಮೊದಲೇ ಹೇಳಿ, ಅದಕ್ಕೆ ಹೊಂದಿಸಿಕೊಂಡೇ ಅಭ್ಯಾಸ ಇಟ್ಟುಕೊಳ್ಳೋಣ.