ಗೆದ್ದ ಕುದುರೆ ಬೀಜದ ಕುದುರೆಯಾಗುವುದೇಕೆ?

ಪ್ರಶ್ನೆ: ಪಂದ್ಯದಲ್ಲಿ ಹೆಸರಾದ ಕುದುರೆಯನ್ನು ಹರೆಯದಲ್ಲಿಯೇ ಓಟದಿಂದ ಬಿಡಿಸಿ ತಳಿಗೆ ಬಿಡುವುದೇಕೆ? ಅದರ ಯೋಗ್ಯತೆಯನ್ನು ಅಳೆಯುವ ಬಗೆ ಹೇಗೆ? (ಓದುಗರೊಬ್ಬರು, ಕುಮಟಾ)

ವಿಜಯನಗರದ ಅರಸರಿಗೆಂದು ಅರಬ್ಬೀ ಅಶ್ವಗಳು ಬಂದಿಳಿಯುತ್ತಿದ್ದ ಭಟ್ಕಳ, ಹೊನ್ನಾವರಗಳ ನೆರೆಯವರಾದ ತಮಗೆ ಈ ಕುತೂಹಲ ಹುಟ್ಟಿದುದು ಸಹಜವೇ. ಹೆಣ್ಣುಕುದುರೆ ಹನ್ನೊಂದು ತಿಂಗಳು ಗರ್ಭವನ್ನು ಹೊತ್ತು ವರ್ಷಕ್ಕೊಂದೇ ಮರಿಯನ್ನು ಈಯುವುದು. ಗಂಡಾದರೋ ಒಂದೇ ಋತುವಿನಲ್ಲಿ ನೂರಕ್ಕೂ ಮಿಕ್ಕ ಹೆಣ್ಣುಗಳನ್ನು ಕೂಡಬಲ್ಲುದಾದುದರಿಂದ, ಅಂತಹ ಗಂಡಿನ ಕಾಲು ಓಟದಲ್ಲಿ ಮುರಿದು ಸರ್ವಸ್ವವೂ ಮಣ್ಣುಪಾಲಾಗುವ ಮೊದಲೇ, ಮೂರು ನಾಲ್ಕು ವರ್ಷದ ಪ್ರಾಯದಲ್ಲಿಯೇ, ಅದನ್ನು ಲಾಯಕ್ಕೆ ಕರೆತರುವರು. ಪಂದ್ಯದ ಕುದುರೆಗಳ ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಯೂ ನಿಷಿದ್ಧವಾದುದರಿಂದ ಗಂಡು ಖುದ್ದಾಗಿ ಅಲ್ಲಿರಲೇಬೇಕು.

ತಮ್ಮೂರ ತೋಟಿಗನು ಬೀಜದ ಕಾಯಿಗಾಗಿ ತಾಯಿಮರವನ್ನು ಆರಿಸುವಾಗ ಒಂದು ಗೊನೆಯ ಕಾಯಿಗಳನ್ನಷ್ಟೇ ಎಣಿಸದೆ ಹಲವು ವರ್ಷಗಳ ಫಸಲನ್ನು ನೋಡುವಂತೆ, ಕುದುರೆಯ ಯೋಗ್ಯತೆಯನ್ನು ಅಳೆಯುವಾಗಲೂ ಗೆಲವಿನ ಎಣಿಕೆಗಿಂತ ಎಷ್ಟು ದೂರದ ಓಟ, ಬೆನ್ನ ಮೇಲೆ ಎಷ್ಟು ಭಾರ, ಸೋತವರು ಯಾರು ಎಂಬುದೇ ಮುಖ್ಯ. ಸಾಮಾನ್ಯ ಕುದುರೆಗಳೆದುರು ಹತ್ತು ಗೆಲವಿಗಿಂತ ಡರ್ಬಿಯಂತಹ ಮಹಾಪಂದ್ಯದಲ್ಲಿ ಒಂದು ಗೆಲವೇ ಹಿರಿದು.

ಆದರೂ ಮೊಳಕೆಯೊಡೆದ ಸಸಿ ತಾಯಿಮರದಂತೆಯೇ ಇರಬೇಕೆಂದಿಲ್ಲವಷ್ಟೆ! 1973ರಲ್ಲಿ ಅಮೆರಿಕೆಯ ಮೂರು ಮಹಾಪಂದ್ಯಗಳನ್ನೂ ಗೆದ್ದು ಅದೇ ವರ್ಷ ನಿವೃತ್ತವಾದ ಸೆಕ್ರೆಟೇರಿಯಟ್ ಎಂಬ ಕುದುರೆಗೆ ಸರಿಗಟ್ಟುವ ಗಂಡುಮಗ ಹುಟ್ಟಲೇ ಇಲ್ಲ. ಅದರ ಕೀರ್ತಿ ಮುಂದುವರಿದುದು ಹೆಣ್ಣುಮಕ್ಕಳ ಹೊಟ್ಟೆಯಲ್ಲಿ. ಆದುದರಿಂದಲೇ, ನಮ್ಮ ಕುಣಿಗಲ್ಲಿನ ಸ್ಟಡ್ ಫಾರಂ ಆಗಲಿ ಪರದೇಶದ್ದಾಗಲಿ, ಗಂಡಿನ ಕೊನೆಯ ಪರೀಕ್ಷೆ ನಡೆಯುವುದು ಅದರ ಮರಿಗಳು ಓಡತೊಡಗಿದ ಮೇಲೆಯೇ.