ಹಿತ್ತಲಿನ ಬೆಳ್ಳುಳ್ಳಿ: ತಳಿಯ ಆಯ್ಕೆಯೂ ಬಿತ್ತನೆಗಡ್ಡೆಯ ಸಂರಕ್ಷಣೆಯೂ

ಬೆಳ್ಳುಳ್ಳಿಯು ನಮ್ಮ ಗ್ರಾಮಗಳ ಬಹುಪಾಲು ಮನೆಗಳಲ್ಲಿ ಒಗ್ಗರಣೆಗೂ ಚಟ್ನಿಪುಡಿಗೂ ಬಾಣಂತಿಯರ ಪಥ್ಯಕ್ಕೂ ಬೇಕಾದ ಪದಾರ್ಥವಾಗಿದೆ. ಹೀಗಿದ್ದರೂ ಬದನೆ, ಮೆಣಸಿನಕಾಯಿ, ಸೊಪ್ಪುಗಳನ್ನು ಹಿತ್ತಲಿನಲ್ಲಿಯೇ ಬೆಳೆದುಕೊಳ್ಳುವವರು ಬೆಳ್ಳುಳ್ಳಿಯನ್ನು ಮಾತ್ರ ಸಂತೆಯಿಂದ ಕೊಂಡು ತರುತ್ತಾರೆ. ಒಂದೆರಡು ಸಲ ನೆಟ್ಟು, ಎಲೆ ಹುಲುಸಾಗಿ ಬಂದರೂ ಗಡ್ಡೆ ಕಟ್ಟದೆ ಹೋದುದರಿಂದ, ಇದು ತಮ್ಮ ಭೂಮಿಗೆ ಒಗ್ಗದ ಬೆಳೆಯೆಂದು ಕೈಬಿಟ್ಟವರೂ ಉಂಟು. ಇಂತಹ ಸೋಲಿನಲ್ಲಿ ಅನೇಕ ವೇಳೆ ದೋಷವು ಭೂಮಿಯದಲ್ಲ, ನೆಟ್ಟ ತಳಿಯದು.

ಬೀಜವಿಲ್ಲದ ಬೆಳೆ.— ಈರುಳ್ಳಿಯಂತೆ ಬೆಳ್ಳುಳ್ಳಿಗೆ ಬೀಜವಾಗುವುದಿಲ್ಲ. ಅದರ ಎಸಳೇ ಆಹಾರ, ಎಸಳೇ ಬಿತ್ತನೆ. ಆದಕಾರಣ ನೆಟ್ಟ ಎಸಳಿನ ಗುಣದೋಷಗಳೆಲ್ಲವೂ ಹೊಸ ಗಡ್ಡೆಗೆ ಹಾಗೆಯೇ ಇಳಿದು ಬರುತ್ತವೆ. ಎಲೆಗಳಲ್ಲಿ ಹಳದಿ ಗೆರೆಗಳನ್ನುಂಟುಮಾಡುವ ನಂಜುರೋಗವು ಒಮ್ಮೆ ಸೇರಿತೆಂದರೆ ಎಸಳಿನೊಡನೆ ವರ್ಷ ವರ್ಷಕ್ಕೂ ಮುಂದುವರಿಯುತ್ತದೆ. ಒಳ್ಳೆಯ ತಳಿಯ ಗಡ್ಡೆಗಳನ್ನೆಲ್ಲಾ ತಿಂದು ತೀರಿಸಿದರೆ, ಅದನ್ನು ಪುನಃ ಪಡೆಯಲು ಮತ್ತೊಬ್ಬರಲ್ಲಿರುವ ಗಡ್ಡೆಯ ಹೊರತು ಬೇರೆ ಮಾರ್ಗವಿಲ್ಲ.

ತಳಿಗಳು.— ಬೆಳ್ಳುಳ್ಳಿಯು ಗಡ್ಡೆ ಕಟ್ಟಬೇಕಾದರೆ ಮೊದಲು ತಂಪೂ, ಅನಂತರ ತಕ್ಕಷ್ಟು ದೀರ್ಘವಾದ ಹಗಲೂ ಅವಶ್ಯಕ. ಈ ಅವಶ್ಯಕತೆಯು ತಳಿಯಿಂದ ತಳಿಗೆ ಭಿನ್ನವಾಗಿದೆ. ಹಿಮಾಚಲ ಪ್ರದೇಶ ಮತ್ತು ಕಾಶ್ಮೀರಗಳಲ್ಲಿ ಬೇಸಗೆಯ ಹಗಲು 14 ಗಂಟೆಗಳನ್ನು ಮೀರುತ್ತದೆ. ಕರ್ನಾಟಕದಲ್ಲಿ ಅತಿ ದೀರ್ಘವಾದ ಹಗಲೂ ಸುಮಾರು 13 ಗಂಟೆಗಳು ಮಾತ್ರ. ಆದಕಾರಣ ಉತ್ತರದ ಬೆಟ್ಟಗಳಿಗಾಗಿ ಆಯ್ದ 'ಅಗ್ರಿಫೌಂಡ್ ಪಾರ್ವತಿ'ಯಂತಹ ದಪ್ಪ ಎಸಳಿನ ತಳಿಯು ನಮ್ಮ ಬಯಲುಸೀಮೆಗೆ ಯೋಗ್ಯವಲ್ಲ. ಪೇಟೆಯಲ್ಲಿ ದಪ್ಪನಾಗಿ ಕಂಡ ಮಾತ್ರಕ್ಕೆ, ಬೆಳೆದ ಸ್ಥಳ ತಿಳಿಯದ ಗಡ್ಡೆಯನ್ನು ತಂದು ನೆಡುವುದು ಒಂದು ವರ್ಷದ ಶ್ರಮವನ್ನು ಕಳೆದುಕೊಂಡಂತೆಯೇ ಸರಿ.

ಬಯಲುಸೀಮೆಗೆ ಒಪ್ಪುವ ತಳಿಗಳಲ್ಲಿ, ನಾಸಿಕದ ರಾಷ್ಟ್ರೀಯ ತೋಟಗಾರಿಕಾ ಸಂಶೋಧನಾ ಮತ್ತು ಅಭಿವೃದ್ಧಿ ಪ್ರತಿಷ್ಠಾನದವರು ಹೊರತಂದ 'ಯಮುನಾ ಸಫೇದ್' ಮತ್ತು 'ಅಗ್ರಿಫೌಂಡ್ ವೈಟ್' ಎಂಬ ಬಿಳಿಯ ತಳಿಗಳೂ, ಪುಣೆ ಜಿಲ್ಲೆಯ ರಾಜಗುರುನಗರದ ಈರುಳ್ಳಿ ಬೆಳ್ಳುಳ್ಳಿ ಸಂಶೋಧನಾ ಸಂಸ್ಥೆಯ 'ಭೀಮಾ ಓಂಕಾರ್' ಮತ್ತು 'ಭೀಮಾ ಪರ್ಪಲ್' ಎಂಬ ತಳಿಗಳೂ ಸೇರಿವೆ. ಕೊನೆಯದರ ಸಿಪ್ಪೆಯು ನೇರಳೆ ಬಣ್ಣದ್ದು. ಗದಗ ಪ್ರಾಂತ್ಯದ ನಾಟಿ ಬೆಳ್ಳುಳ್ಳಿಯಂತೆ ಆಯಾ ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದ ತಳಿಗಳನ್ನೂ ತಿರಸ್ಕರಿಸತಕ್ಕದ್ದಲ್ಲ. ಅವುಗಳ ಎಸಳು ಸಣ್ಣದಾದರೂ ಊರಿನ ಹವೆಗೆ ಒಗ್ಗಿರುತ್ತವೆ. ಮೊದಲ ವರ್ಷ ಎರಡು ತಳಿಗಳನ್ನು ಪಕ್ಕಪಕ್ಕದ ಮಡಿಗಳಲ್ಲಿ ನೆಟ್ಟು ನೋಡುವುದು ಲೇಸು.

ಭೂಮಿ ಮತ್ತು ನಾಟಿ.— ನೀರು ನಿಲ್ಲದ, ಸಡಿಲವಾದ ಗೋಡು ಮಣ್ಣು ಉತ್ತಮವಾದುದು. ಗಟ್ಟಿ ಜೇಡಿಯಲ್ಲಿ ಗಡ್ಡೆಯು ಸೊಟ್ಟಗಾಗುತ್ತದೆ. ಹಿಂದಿನ ಬೆಳೆ ಈರುಳ್ಳಿಯಾಗಿದ್ದ ಮಡಿಯಲ್ಲಿ ನೆಡಬಾರದು. ಒಂದರ ರೋಗಗಳು ಮತ್ತೊಂದಕ್ಕೂ ತಗಲುತ್ತವೆ. 10 ಅಡಿ ಉದ್ದ, 4 ಅಡಿ ಅಗಲದ ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವು ಎರಡು ಮಂಕರಿಯಷ್ಟು ಬೇಕು. ಹಸಿ ಗೊಬ್ಬರವನ್ನು ಹಾಕಕೂಡದು.

ಹಿತ್ತಲಿಗೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳೇ ಪ್ರಶಸ್ತವಾದ ಕಾಲ. ಗಡ್ಡೆಗಳನ್ನು ನೆಡುವ ಹೊತ್ತಿಗೆ ಮಾತ್ರ ಬಿಡಿಸಿ, ಹೊರಸುತ್ತಿನ ದಪ್ಪ ಎಸಳುಗಳನ್ನು ಸಿಪ್ಪೆ ಸುಲಿಯದೆ ಆರಿಸಿಕೊಳ್ಳಬೇಕು. ಒಳಗಿನ ಸಣ್ಣ ಎಸಳುಗಳನ್ನು ಒಂದು ಮೂಲೆಯಲ್ಲಿ ಒತ್ತಾಗಿ ಊರಿದರೆ ಅಡಿಗೆಗೆ ಹಸಿರೆಲೆಯಾದರೂ ದೊರೆಯುತ್ತದೆ. ಸಾಲಿನಿಂದ ಸಾಲಿಗೆ 6 ಅಂಗುಲ, ಎಸಳಿನಿಂದ ಎಸಳಿಗೆ 4 ಅಂಗುಲ ಅಂತರವಿಟ್ಟು, ಚೂಪಾದ ತುದಿ ಮೇಲಾಗಿರುವಂತೆ 2 ಅಂಗುಲ ಆಳದಲ್ಲಿ ಊರತಕ್ಕದ್ದು. ಮೇಲೆ ಹೇಳಿದ ಮಡಿಗೆ ಹೀಗೆ 240 ಎಸಳುಗಳು ಹಿಡಿಯುತ್ತವೆ. ಗಡ್ಡೆಯೊಂದು 15 ರಿಂದ 20 ಗ್ರಾಂ ತೂಗಿದರೂ ಮೂರೂವರೆಯಿಂದ ಐದು ಕಿಲೋಗ್ರಾಂಗಳವರೆಗೆ ಫಲ ಬರುವುದು.

ಮುಂದಿನ ಆರೈಕೆ.— ಎಂಟು ಹತ್ತು ದಿನಗಳಿಗೊಮ್ಮೆ ನೀರು ಕಟ್ಟಿದರೆ ಸಾಕು. ಬೇರುಗಳು ಮೇಲುಮೇಲಿರುವುದರಿಂದ ಕಳೆಯನ್ನು ಆಳವಾಗಿ ಕೆದಕದೆ ಕೀಳಬೇಕು. ಎಲೆಗಳ ರಸ ಹೀರಿ ಬೆಳ್ಳಿಯಂತಹ ಕಲೆಗಳನ್ನುಂಟುಮಾಡುವ ಥ್ರಿಪ್ಸ್ ನುಸಿಯೂ, ನೇರಳೆ ಮಚ್ಚೆ ರೋಗವೂ ಈ ಬೆಳೆಯ ಮುಖ್ಯ ಶತ್ರುಗಳು. ಇವು ಕಂಡಾಗ ಸಮೀಪದ ತೋಟಗಾರಿಕೆ ಅಧಿಕಾರಿಗಳ ಸಲಹೆಯಂತೆ ಔಷಧವನ್ನು ಉಪಯೋಗಿಸುವುದು ಯುಕ್ತ.

ಸುಮಾರು ನಾಲ್ಕು ನಾಲ್ಕೂವರೆ ತಿಂಗಳಲ್ಲಿ ಎಲೆಯ ತುದಿಗಳು ಹಳದಿಯಾಗಿ ಗಿಡಗಳು ಬಾಗುತ್ತವೆ. ಅದಕ್ಕೆ ಹದಿನೈದು ದಿನ ಮೊದಲೇ ನೀರನ್ನು ನಿಲ್ಲಿಸಬೇಕು. ಕಿತ್ತ ಗಡ್ಡೆಗಳನ್ನು ಎಲೆಯೊಡನೆ ಒಂದು ವಾರ ನೆರಳಿನಲ್ಲಿ ಒಣಗಿಸಿ, ಜಡೆ ಹೆಣೆದು, ಗಾಳಿಯಾಡುವ ಕಡೆ ತೂಗುಹಾಕಬೇಕು.

ಬಿತ್ತನೆಗಡ್ಡೆ.— ಇದೇ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಬಿತ್ತನೆಯ ಗಡ್ಡೆಯನ್ನು ಕಿತ್ತ ರಾಶಿಯಿಂದ ಆರಿಸಿದರೆ ಸಾಲದು. ಗಿಡವು ಹಸುರಾಗಿ ನಿಂತಿರುವಾಗಲೇ ಗುರುತಿಸಬೇಕು. ಎಲೆಯಲ್ಲಿ ಹಳದಿ ಗೆರೆಯಿಲ್ಲದ, ನೆಟ್ಟಗೆ ಬಲವಾಗಿ ಬೆಳೆದ ಗಿಡಗಳ ಪಕ್ಕದಲ್ಲಿ ಕಡ್ಡಿಗಳನ್ನು ನೆಟ್ಟು, ಅವನ್ನು ಪ್ರತ್ಯೇಕವಾಗಿ ಕೀಳಬೇಕು. ರೋಗದ ಗೆರೆ ಕಂಡ ಗಿಡಗಳ ಗಡ್ಡೆಯನ್ನು ಊಟಕ್ಕೆ ಬಳಸಬಹುದು, ಬಿತ್ತನೆಗೆ ಇಡಬಾರದು. ಒಂದು ಗಡ್ಡೆಗೆ ಹತ್ತು ಹನ್ನೆರಡು ಒಳ್ಳೆಯ ಎಸಳುಗಳು ದೊರೆತರೆ, 240 ಎಸಳುಗಳಿಗೆ 20 ರಿಂದ 24 ಗಡ್ಡೆಗಳು ಬೇಕು. ಒಣಗಿ ಕೆಡುವುದನ್ನೂ ಎಣಿಸಿ 30 ಗಡ್ಡೆಗಳನ್ನು, ಎಂದರೆ ಬೆಳೆಯ ಎಂಟನೆಯ ಒಂದು ಭಾಗವನ್ನು, ಬೇರೆ ಜಡೆಯಾಗಿ ಕಟ್ಟಿ ಅಡಿಗೆಯವರ ಕೈಗೆ ಸಿಗದಂತೆ ಇಡತಕ್ಕದ್ದು.

ಗ್ರಾಮದ ಮುಖಂಡರೂ ಹಿಡುವಳಿದಾರರೂ ಈ ವಿಷಯದಲ್ಲಿ ಮುಂದಾಗುವುದು ಅಪೇಕ್ಷಣೀಯ. ಒಗ್ಗಿದ ತಳಿಯು ಒಂದೇ ಮನೆಯಲ್ಲಿದ್ದರೆ ಒಂದು ಮಳೆಯ ಥಂಡಿಗೋ ಒಂದು ಮದುವೆಯ ಅಡಿಗೆಗೋ ಅದು ನಿಶ್ಶೇಷವಾಗಿ ಹೋಗಬಹುದು. ನಾಲ್ಕು ಹಿತ್ತಲುಗಳಲ್ಲಿ ಹಂಚಿ ಬೆಳೆಸಿದರೆ ಒಬ್ಬರಲ್ಲಿ ನಷ್ಟವಾದುದು ಮತ್ತೊಬ್ಬರಲ್ಲಿ ಉಳಿದಿರುತ್ತದೆ.